ತಲೆಗೆ ಬಿಸಿನೀರು ಬಿದ್ದಾಗಲೇ ಫಿಟ್ಸ್ ಏಕೆ?

ಪ್ರಶ್ನೆ: ನಾವು ಮಳವಳ್ಳಿ ತಾಲ್ಲೂಕಿನವರು. ಮಗನಿಗೆ ಹದಿನಾಲ್ಕು ವರ್ಷ, ಒಂಬತ್ತನೇ ತರಗತಿ. ಒಂದೂವರೆ ವರ್ಷದಿಂದ ತಲೆಗೆ ಸ್ನಾನ ಮಾಡುವ ದಿನ ಅವನಿಗೆ ಏನೋ ಆಗುತ್ತದೆ. ನಾಲ್ಕೈದು ಚೊಂಬು ಬಿಸಿನೀರು ಬಿದ್ದ ಮೇಲೆ ಕಣ್ಣು ಒಂದೇ ಕಡೆ ನೆಡುತ್ತದೆ, ಕರೆದರೆ ಓಗೊಡುವುದಿಲ್ಲ, ಬಾಯಿ ಚಪ್ಪರಿಸುತ್ತಾನೆ, ಆಮೇಲೆ ಸ್ವಲ್ಪ ಹೊತ್ತು ಸಂಬಂಧವಿಲ್ಲದ ಮಾತು ಆಡುತ್ತಾನೆ. ಕಳೆದ ದೀಪಾವಳಿಯ ಎಣ್ಣೆಸ್ನಾನದ ದಿನ ಕೈಕಾಲು ಸೆಟೆದು ಬಿದ್ದೇಬಿಟ್ಟ. ಮೈಗೆ ಮಾತ್ರ ನೀರು ಹಾಕಿಕೊಂಡರೆ ಏನೂ ಆಗುವುದಿಲ್ಲ. ಎಂ.ಆರ್.ಐ., ಇ.ಇ.ಜಿ. ಎರಡೂ ನಾರ್ಮಲ್ ಬಂದಿವೆ. ಅತ್ತೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದಾರೆ. ಒಬ್ಬ ಡಾಕ್ಟರು ಐದು ವರ್ಷ ಮಾತ್ರೆ ನುಂಗಬೇಕು ಎಂದರು, ಇನ್ನೊಬ್ಬರು ಇದೆಲ್ಲ ಭಯ, ಕಾಯಿಲೆಯೇ ಇಲ್ಲ ಎಂದರು. ಸಾಕು ಎಂದು ಕೂಗಿದರೂ ಅವನು ನೀರು ಹುಯ್ದುಕೊಳ್ಳುವುದನ್ನು ನಿಲ್ಲಿಸುವುದಿಲ್ಲ, ಇದೂ ಒಂದು ವಿಚಿತ್ರ. ಚಿಕ್ಕವರಿದ್ದಾಗ ನಮ್ಮ ಯಜಮಾನರಿಗೂ ಹೀಗೆ ಆಗುತ್ತಿತ್ತು ಎಂದು ಮಾವನವರು ಈಗ ಹೇಳುತ್ತಿದ್ದಾರೆ. ಇದು ಮೂರ್ಛೆ ರೋಗವೇ? ಜೀವನಪೂರ್ತಿ ಮಾತ್ರೆ ಬೇಕೇ? ತಲೆಸ್ನಾನ ಬಿಡಿಸಬೇಕೇ? ಒಂಬತ್ತು ವರ್ಷದ ಮಗಳಿಗೂ ಬರುತ್ತದೆಯೇ? ಬೇಸಿಗೆಯಲ್ಲಿ ನಾಲೆಯಲ್ಲಿ ಈಜಲು ಹೋಗುತ್ತಾನೆ, ಬಿಡಬಹುದೇ?
(ಹೆಸರು ಬೇಡ, ಮಂಡ್ಯ ಜಿಲ್ಲೆ)

ಉತ್ತರ: ತಾಯಿ, ನೀವು ಬರೆದಿರುವ ವಿವರದಲ್ಲೇ ಮುಕ್ಕಾಲು ಪಾಲು ರೋಗನಿರ್ಣಯ ಮುಗಿದಿದೆ. ಇದು ಗಾಳಿಯಲ್ಲ, ಭಯವೂ ಅಲ್ಲ. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರ, ಅಂದರೆ ಬಿಸಿನೀರಿನಿಂದ ಬರುವ ಮೂರ್ಛೆ ರೋಗ ಎನ್ನುತ್ತಾರೆ. ಜಗತ್ತಿನ ಬಹುಪಾಲು ನರರೋಗ ತಜ್ಞರು ಇದನ್ನು ಪುಸ್ತಕದಲ್ಲಿ ಓದಿರುತ್ತಾರೆಯೇ ಹೊರತು ಕಣ್ಣಾರೆ ಕಂಡಿರುವುದಿಲ್ಲ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯವರನ್ನು ನೋಡುವ ನನ್ನಂಥವರಿಗೆ ಮಾತ್ರ ಇದು ಹಳೆಯ ಪರಿಚಯ. ಹುಡುಗನನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಕೊನೆಯ ತೀರ್ಮಾನ ಅವನನ್ನು ಎದುರಿಗೆ ಕೂರಿಸಿಕೊಂಡು ನೋಡುವ ತಜ್ಞರದು. ಆದರೆ ಅವರ ಬಳಿ ಹೋಗುವ ಮೊದಲು ನಿಮಗೆ ತಿಳಿದಿರಬೇಕಾದದ್ದು ಸಾಕಷ್ಟಿದೆ.

ಮೂರ್ಛೆ ರೋಗದಲ್ಲಿ ಸಾಮಾನ್ಯವಾಗಿ ಫಿಟ್ಸ್ ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಕೆಲವರಲ್ಲಿ ಮಾತ್ರ ಅದಕ್ಕೊಂದು ನಿರ್ದಿಷ್ಟ ಪ್ರಚೋದನೆ ಇರುತ್ತದೆ. ಮಿಣುಕುವ ಬೆಳಕು ಒಬ್ಬರಿಗೆ, ಓದುವುದು ಇನ್ನೊಬ್ಬರಿಗೆ, ತಲೆಯ ಮೇಲೆ ಬೀಳುವ ಬಿಸಿನೀರು ಮತ್ತೊಬ್ಬರಿಗೆ. ನಿಮ್ಮ ಮಗ ಕೊನೆಯ ಗುಂಪಿಗೆ ಸೇರುತ್ತಾನೆ. ಕಣ್ಣು ನೆಡುವುದು, ಬಾಯಿ ಚಪ್ಪರಿಸುವುದು, ಆಮೇಲೆ ತಬ್ಬಿಬ್ಬಾಗಿ ಮಾತನಾಡುವುದು, ಇವೆಲ್ಲ ಕಿವಿಯ ಮೇಲ್ಭಾಗಕ್ಕೆ ಸರಿಯಾಗಿ ಒಳಗಿರುವ ಟೆಂಪೊರಲ್ ಎಂಬ ಮಿದುಳಿನ ಭಾಗದಲ್ಲಿ ಹುಟ್ಟುವ ಫಿಟ್ಸ್‌ನ ಲಕ್ಷಣಗಳು. ದೀಪಾವಳಿಯ ದಿನ ಅದು ಅಲ್ಲಿಗೇ ನಿಲ್ಲದೆ ಇಡೀ ಮಿದುಳಿಗೆ ಹರಡಿದೆ, ಅದಕ್ಕೇ ಮೈ ಸೆಟೆದದ್ದು. ಅಂದರೆ ಎರಡೂ ಒಂದೇ ಕಾಯಿಲೆ. ಫಿಟ್ಸ್ ಎಂದರೆ ಕೈಕಾಲು ಬಡಿದು ನೊರೆ ಬರಬೇಕು ಎಂದುಕೊಂಡವರು ಮೊದಲ ಬಗೆಯನ್ನು ಭಯ ಎಂದೋ ಹಟ ಎಂದೋ ತಳ್ಳಿಹಾಕುವುದು ನಡೆದೇ ಇದೆ.

ಇದರ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ಜಪಾನ್, ಟರ್ಕಿಗಳಲ್ಲೂ ಕಂಡಿದ್ದಾರೆ. ಆದರೆ ದೊಡ್ಡ ಸಂಖ್ಯೆಯಲ್ಲಿ ದಾಖಲಾಗಿರುವುದು ನಮ್ಮ ಸೀಮೆಯಲ್ಲಿ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲೇ ಇದರತ್ತ ಗಮನ ಸೆಳೆದಿದ್ದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ವಿವರವನ್ನು ಒಟ್ಟಿಗೆ ಪ್ರಕಟಿಸಿದರು. ಆಗ ಮೈಸೂರು ಜಿಲ್ಲೆಗೆ ಸೇರಿದ್ದ, ಈಗ ಚಾಮರಾಜನಗರದಲ್ಲಿರುವ ಯಳಂದೂರಿನಲ್ಲಿ ನಡೆದ ಸಮೀಕ್ಷೆಯಲ್ಲೂ ಇದು ಎದ್ದು ಕಂಡಿತ್ತು. ನಿಮ್ಮ ಮಳವಳ್ಳಿಯಿಂದ ಯಳಂದೂರು ಎಷ್ಟು ದೂರ ಎಂದು ನಾನು ಹೇಳಬೇಕಾಗಿಲ್ಲ. ನಿಮ್ಮ ಮನೆಗೆ ಮಾತ್ರ ಬಂದ ಶಾಪ ಇದು ಎಂದು ಯಾರಾದರೂ ಹೇಳಿದರೆ ಈ ಮಾತು ತಿಳಿಸಿ.

ನಮ್ಮಲ್ಲೇ ಏಕೆ ಹೆಚ್ಚು? ನಾವು ತಲೆಗೆ ಸ್ನಾನ ಮಾಡುವ ಕ್ರಮವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ದಿನವೂ ಅಲ್ಲ, ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ. ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕಿ ಹಂಡೆಯ ನೀರು ಕುದಿಯುವ ಹಾಗೆ ಕಾಯಿಸುತ್ತೇವೆ. ಎಣ್ಣೆ, ಸೀಗೆಪುಡಿಯ ಜಿಡ್ಡು ಬಿಡಬೇಕಲ್ಲ, ಅದಕ್ಕೆ ನೀರು ಸುಡುವಂತಿದ್ದರೇ ಸಮಾಧಾನ. ದೊಡ್ಡವರೊಬ್ಬರು ನಿಂತು ಒಂದರ ಹಿಂದೆ ಒಂದು ಚೊಂಬು ನೆತ್ತಿಗೆ ಹುಯ್ಯುತ್ತಾರೆ, ಹುಡುಗ ಉಸಿರು ಬಿಗಿಹಿಡಿದು ಕೂತಿರುತ್ತಾನೆ. ಈ ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ನಮ್ಮ ಮೈಯ ಬಿಸಿ ಸುಮಾರು 37. ತಲೆಗೆ ಇಷ್ಟು ಬಿಸಿ ಇಷ್ಟು ವೇಗವಾಗಿ ತಾಕಿದಾಗ, ಅದಕ್ಕೆ ಒಳಗಾಗುವ ಗುಣವಿರುವ ಮಿದುಳಿನಲ್ಲಿ ಫಿಟ್ಸ್ ಹೊತ್ತಿಕೊಳ್ಳುತ್ತದೆ. ಮೈಗೆ ಹಾಕಿಕೊಂಡಾಗ ಏನೂ ಆಗುವುದಿಲ್ಲ ಎಂದು ನೀವು ಬರೆದಿದ್ದೀರಿ. ಈ ಕಾಯಿಲೆಯ ಗುರುತೇ ಅದು.

ಆದರೆ ಊರಿಗೆ ಊರೇ ಹೀಗೆ ಮೀಯುತ್ತದೆ, ಎಲ್ಲರಿಗೂ ಫಿಟ್ಸ್ ಬರುವುದಿಲ್ಲ. ಹಾಗಾಗಿ ಬರಿಯ ಸ್ನಾನದ ಕ್ರಮವನ್ನು ದೂರಿದರೆ ಸಾಲದು, ಹುಟ್ಟಿನಿಂದ ಬಂದ ಒಲವೂ ಇರಬೇಕು. ದೇಹದ ಬಿಸಿಯನ್ನು ಹತೋಟಿಯಲ್ಲಿಡುವ ಮಿದುಳಿನ ವ್ಯವಸ್ಥೆಯಲ್ಲೇ ಸಣ್ಣ ಏರುಪೇರು ಇರಬಹುದೆಂಬುದು ಸಂಶೋಧಕರ ಅನುಮಾನ. ಈ ರೋಗಿಗಳಲ್ಲಿ ಕೆಲವರಿಗೆ ಎಳವೆಯಲ್ಲಿ ಜ್ವರ ಬಂದಾಗ ಫಿಟ್ಸ್ ಬಂದ ಇತಿಹಾಸವೂ ಇರುತ್ತದೆ. ನಿಮ್ಮ ಮಗನಿಗೆ ಹಾಗಾಗಿತ್ತೇ ಎಂದು ನೆನಪು ಮಾಡಿಕೊಂಡು ವೈದ್ಯರಿಗೆ ಹೇಳಿ. ದಕ್ಷಿಣ ಭಾರತದ ಕುಟುಂಬಗಳನ್ನು ಅಧ್ಯಯನ ಮಾಡಿದ ಬೆಂಗಳೂರಿನ ವಿಜ್ಞಾನಿಗಳು ಹೆತ್ತವರ ಗುಣಗಳನ್ನು ಮಕ್ಕಳಿಗೆ ದಾಟಿಸುವ ವರ್ಣತಂತುಗಳಲ್ಲಿ 10ನೇ ಮತ್ತು 4ನೆಯದರ ಕೆಲವು ಭಾಗಗಳಿಗೂ ಈ ಕಾಯಿಲೆಗೂ ನಂಟಿರುವುದನ್ನು ತೋರಿಸಿದ್ದಾರೆ. ನಿಮ್ಮ ಮಾವನವರು ತಡವಾಗಿ ಬಾಯಿಬಿಟ್ಟ ಸಂಗತಿ ಇದಕ್ಕೆ ಹೊಂದಿಕೊಳ್ಳುತ್ತದೆ. ಮೊದಲೇ ಹೇಳಿದ್ದರೆ ಒಂದೂವರೆ ವರ್ಷದ ಪರದಾಟ ತಪ್ಪುತ್ತಿತ್ತು. ಅವರ ಮೇಲೆ ಸಿಟ್ಟಾಗಬೇಡಿ, ಅವರ ಕಾಲದಲ್ಲಿ ಇದನ್ನು ಹೇಳಿಕೊಂಡರೆ ಮಗನಿಗೆ ಹೆಣ್ಣು ಸಿಗುವುದೇ ಕಷ್ಟವಾಗಿತ್ತು.

ಎಂ.ಆರ್.ಐ. ನಾರ್ಮಲ್ ಬಂದದ್ದಕ್ಕೆ ಅಚ್ಚರಿಪಡಬೇಡಿ. ಮನೆಯ ಫೋಟೋ ತೆಗೆದರೆ ಗೋಡೆ ಬಿರುಕು ಬಿಟ್ಟಿದೆಯೇ ಎಂದು ಗೊತ್ತಾಗುತ್ತದೆ, ಒಳಗೆ ನಡೆಯುವ ಜಗಳ ಕಾಣುವುದಿಲ್ಲ. ಈ ಕಾಯಿಲೆಯಲ್ಲಿ ಮಿದುಳಿನ ರಚನೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇ.ಇ.ಜಿ. ಕೂಡ ಫಿಟ್ಸ್ ಇಲ್ಲದ ಹೊತ್ತಿನಲ್ಲಿ ತೆಗೆದರೆ ಹೆಚ್ಚಿನವರಲ್ಲಿ ನಾರ್ಮಲ್ ಬರುತ್ತದೆ. ಆದ್ದರಿಂದ ಇನ್ನೊಂದು ಊರಿಗೆ ಹೋಗಿ ಇನ್ನೊಂದು ಸ್ಕ್ಯಾನ್ ಮಾಡಿಸಲು ಸಾಲ ಮಾಡಬೇಡಿ. ಇಲ್ಲಿ ಸ್ಕ್ಯಾನಿಗಿಂತ ನೀವು ಹೇಳುವ ಕಥೆಗೆ ಬೆಲೆ ಹೆಚ್ಚು. ಮುಂದಿನ ಬಾರಿ ಹಾಗೇನಾದರೂ ಆದರೆ ಮನೆಯಲ್ಲಿ ಇನ್ನೊಬ್ಬರು ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಕೊಳ್ಳಲಿ. ಮೈ ಮೇಲೊಂದು ಟವೆಲ್ ಹೊದಿಸಿ, ಮುಖ ಮತ್ತು ಕೈಗಳು ಕಾಣುವಂತೆ ತೆಗೆದರೆ ಸಾಕು. ಹಾಗೆಂದು ವಿಡಿಯೊಗಾಗಿ ಬೇಕೆಂದೇ ಬಿಸಿನೀರು ಹುಯ್ಯುವ ಪ್ರಯೋಗ ಖಂಡಿತ ಬೇಡ.

ಬಚ್ಚಲಲ್ಲಿ ಬಿದ್ದವರೆಲ್ಲರದೂ ಇದೇ ಕಾಯಿಲೆ ಎಂದು ಓದುಗರು ತಿಳಿಯಬಾರದು. ಎಣ್ಣೆಸ್ನಾನ ಮುಗಿಸಿ ಎದ್ದು ನಿಂತಾಗ ಕಣ್ಣು ಕತ್ತಲಾಗಿ, ಬೆವರಿ, ಮುಖ ಬಿಳಿಚಿಕೊಂಡು ಕುಸಿದು, ಮಲಗಿಸಿದ ಕೂಡಲೇ ಸರಿಯಾಗುವುದು ಬೇರೆ. ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿದಾಗ ಹಾಗಾಗುತ್ತದೆ. ಅವರು ಎಚ್ಚರವಾದ ಮೇಲೆ ತಬ್ಬಿಬ್ಬಾಗಿರುವುದಿಲ್ಲ. ಇದಕ್ಕಿಂತ ಅಪಾಯದ್ದು ಗ್ಯಾಸ್ ಗೀಸರ್. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಒಳಗಿದ್ದವರು ಪ್ರಜ್ಞೆ ತಪ್ಪುತ್ತಾರೆ, ಜೀವವೂ ಹೋಗಬಹುದು. ಅಂಥವರಿಗೂ ಫಿಟ್ಸ್ ಬರುವುದುಂಟು. ಮೈಸೂರಿನ ಹೊಸ ಬಡಾವಣೆಗಳಲ್ಲಿ ಗೀಸರನ್ನು ಬಚ್ಚಲ ಒಳಗೇ ನೇತುಹಾಕಿರುವುದನ್ನು ಕಂಡರೆ ನನಗೆ ಎದೆ ಧಸಕ್ ಎನ್ನುತ್ತದೆ. ಅದು ಹೊರಗಿರಬೇಕು, ಗಾಳಿಯಾಡುವ ಕಡೆ. ನಿಮ್ಮ ಮನೆಯಲ್ಲಿ ಸೌದೆ ಒಲೆ ಬಚ್ಚಲ ಒಳಗೇ ಇದ್ದರೆ ಹೊಗೆ ಹೊರಹೋಗುವ ದಾರಿ ಸರಿಯಿದೆಯೇ ನೋಡಿ.

ಈಗ ನೀವು ವಿಚಿತ್ರ ಎಂದದ್ದು. ಹುಡುಗ ಕೂಗಿದರೂ ನಿಲ್ಲಿಸದೆ ನೀರು ಹುಯ್ದುಕೊಳ್ಳುತ್ತಾನೆ ಎಂಬ ಸಾಲನ್ನು ನಾನು ಎರಡು ಸಲ ಓದಿದೆ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಅಷ್ಟು ಹೊತ್ತಿಗೆ ಫಿಟ್ಸ್ ಶುರುವಾಗಿ ಕೈ ತನ್ನಷ್ಟಕ್ಕೆ ಅದೇ ಕೆಲಸ ಮಾಡುತ್ತಿರುತ್ತದೆ, ಅವನಿಗೆ ಅರಿವೇ ಇರುವುದಿಲ್ಲ. ಇನ್ನೊಂದನ್ನು ರೋಗಿಗಳು ಸುಲಭಕ್ಕೆ ಹೇಳಿಕೊಳ್ಳುವುದಿಲ್ಲ: ಕೆಲವರಿಗೆ ಫಿಟ್ಸ್ ಬರುವ ಮುಂಚಿನ ಕ್ಷಣಗಳಲ್ಲಿ ಒಂದು ಬಗೆಯ ಹಿತವಾದ, ತೇಲಿದಂಥ ಅನುಭವವಾಗುತ್ತದೆ. ಅದರ ಸೆಳೆತಕ್ಕೆ ಇನ್ನಷ್ಟು, ಇನ್ನೂ ಬಿಸಿಯಾದ ನೀರು ಹುಯ್ದುಕೊಳ್ಳುತ್ತಾರೆ. ಇದು ವೈದ್ಯಕೀಯ ವರದಿಗಳಲ್ಲಿ ಸ್ಪಷ್ಟವಾಗಿ ದಾಖಲಾಗಿರುವ ಲಕ್ಷಣ, ಹುಡುಗನ ಕೆಟ್ಟ ಚಾಳಿ ಅಲ್ಲ. ಹದಿನಾಲ್ಕು ವರ್ಷದವನನ್ನು ಅಜ್ಜಿ, ಚಿಕ್ಕಪ್ಪ, ನೆರೆಯವರ ಮುಂದೆ ನಿಲ್ಲಿಸಿ ಕೇಳಿದರೆ ಇಲ್ಲ ಎಂದೇ ಅನ್ನುತ್ತಾನೆ. ಅವನ ಅಪ್ಪ ಅವನೊಬ್ಬನನ್ನೇ ಕೂರಿಸಿಕೊಂಡು, ತಮಗೂ ಹಾಗಾಗುತ್ತಿತ್ತೇ ಎಂದು ನೆನಪಿಸಿಕೊಂಡು ಮಾತು ತೆಗೆದರೆ ಬಾಯಿಬಿಟ್ಟಾನು. ಈ ಸೆಳೆತ ಇದೆಯೆಂದರೆ ಅವನ ಸ್ನಾನವನ್ನು ಅವನ ಕೈಗೇ ಬಿಡುವಂತಿಲ್ಲ, ಚಿಕಿತ್ಸೆಯ ಲೆಕ್ಕಾಚಾರವೂ ಬದಲಾಗುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆ ಔಷಧ ಅಂಗಡಿಯಲ್ಲಿಲ್ಲ, ನಿಮ್ಮ ಹಂಡೆಯಲ್ಲಿದೆ. ತಲೆಗೆ ಹಾಕುವ ನೀರು ಉಗುರುಬೆಚ್ಚಗಿರಬೇಕು, ಮೈಯ ಬಿಸಿಗಿಂತ ಹೆಚ್ಚಿರಬಾರದು. ಅಂಗೈಯಿಂದ ನೋಡಬೇಡಿ. ದಿನವಿಡೀ ಒಲೆಯ ಮುಂದಿರುವ ಕೈಗೆ ಸುಡುವ ನೀರೂ ಬೆಚ್ಚಗೆ ಅನ್ನಿಸುತ್ತದೆ. ಮೊಣಕೈ ಅದ್ದಿದಾಗ ಬಿಸಿ ಎನ್ನಿಸಬಾರದು. ನೀರಿನ ಬಿಸಿ ಅಳೆಯುವ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ನೀರನ್ನು ಬಕೆಟ್ಟಿನಲ್ಲಿ ಬೆರೆಸಿಟ್ಟು ಹಂಡೆಗೆ ಮುಚ್ಚಳ ಹಾಕಿಬಿಡಿ, ಮಧ್ಯೆ ಅದರಿಂದ ಮೊಗೆದುಕೊಳ್ಳುವ ಅವಕಾಶವೇ ಇರಬಾರದು. ನಿಂತಲ್ಲ, ಮಣೆಯ ಮೇಲೆ ಕೂತು ಸ್ನಾನ. ಮೊದಲು ಕಾಲು, ಮೈ. ತಲೆಗೆ ಕೊನೆಯಲ್ಲಿ, ಸಣ್ಣ ಮಗ್ಗಿನಲ್ಲಿ, ನಿಧಾನವಾಗಿ, ನಡುನಡುವೆ ಬಿಟ್ಟು. ಮೊದಮೊದಲು ಒದ್ದೆ ಬಟ್ಟೆಯಲ್ಲಿ ತಲೆ ಒರೆಸುವುದೇ ಸಾಕಾಗಬಹುದು. ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ. ಹುಡುಗನಿಗೆ ನಾಚಿಕೆಯಾಗುವ ವಯಸ್ಸು, ಅಪ್ಪನೋ ಚಿಕ್ಕಪ್ಪನೋ ಬಾಗಿಲ ಹೊರಗೆ ನಿಂತು ಮಾತನಾಡಿಸುತ್ತಿದ್ದರೆ ಆಯಿತು.

ತಲೆಸ್ನಾನ ಬಿಡಿಸಬೇಕಿಲ್ಲ. ತಲೆಗೆ ನೀರೇ ಸೋಕಿಸದೆ ವರ್ಷಗಟ್ಟಲೆ ಇರಿಸಿ, ಹೇನು ಕಜ್ಜಿಯಾಗಿ, ಶಾಲೆಯಲ್ಲಿ ಪಕ್ಕದಲ್ಲಿ ಯಾರೂ ಕೂರದಂತಾದ ಮಕ್ಕಳನ್ನು ನೋಡಿದ್ದೇನೆ. ಆ ಸಲಹೆ ಕೊಡುವವರಿಗೆ ಇದು ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಬಹುದು, ಯುಗಾದಿ ದೀಪಾವಳಿಯೂ ನಡೆಯಲಿ, ನೀರು ಮಾತ್ರ ಉಗುರುಬೆಚ್ಚಗಿರಲಿ. ಹಬ್ಬದ ದಿನವೇ ಏಕೆ ಜೋರಾಗಿ ಬಂತು ಎಂದರೆ ಅಂದು ಹಂಡೆ ಮುಂಜಾನೆಯಿಂದ ಕಾಯುತ್ತಿರುತ್ತದೆ, ಹುಯ್ಯುವವರಿಗೂ ಉತ್ಸಾಹ ಹೆಚ್ಚು. ನಿದ್ದೆಗೆಟ್ಟಿದ್ದರೂ ಫಿಟ್ಸ್‌ಗೆ ದಾರಿಯಾಗುತ್ತದೆ.

ನೀರಿನ ಬಿಸಿ ಇಳಿಸಿದ್ದರಿಂದಲೇ ಅನೇಕರಲ್ಲಿ ಫಿಟ್ಸ್ ನಿಂತುಹೋಗುತ್ತದೆ. ನಿಲ್ಲದಿದ್ದರೆ ಕ್ಲೊಬಜಾಮ್ ಎಂಬ ಮಾತ್ರೆ ಇದೆ. ಇದನ್ನು ದಿನವೂ ನುಂಗಬೇಕಿಲ್ಲ, ತಲೆಗೆ ಸ್ನಾನ ಮಾಡುವ ದಿನ ಮಾತ್ರ, ಸ್ನಾನಕ್ಕೆ ಒಂದರಿಂದ ಎರಡು ಗಂಟೆ ಮೊದಲು ಕೊಡುವ ಕ್ರಮವನ್ನು ನಮ್ಮ ರಾಜ್ಯದ ವೈದ್ಯರೇ ರೂಢಿಗೆ ತಂದರು. ಪ್ರಮಾಣವನ್ನು ತೂಕ ನೋಡಿ ವೈದ್ಯರು ಬರೆಯಬೇಕು, ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಬಾರದು. ಸ್ವಲ್ಪ ತೂಕಡಿಕೆ ಬರುತ್ತದೆ, ಆದ್ದರಿಂದ ತಲೆಸ್ನಾನವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ಪರೀಕ್ಷೆಯ ದಿನ ಬೇಡ.

ಹಾಗಾದರೆ ಐದು ವರ್ಷದ ಮಾತ್ರೆ? ಅದು ಯಾರಿಗೆ ಬೇಕು ಎಂಬುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ನೀರಿನ ಸಂಪರ್ಕವಿಲ್ಲದೆಯೂ ಫಿಟ್ಸ್ ಬಂದಿದೆಯೇ? ಈ ಕಾಯಿಲೆಯವರಲ್ಲಿ ಒಂದು ಪಾಲಿಗೆ, ಮೂರರಲ್ಲಿ ಒಬ್ಬರಷ್ಟು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ, ಕೆಲವು ವರ್ಷಗಳಾದ ಮೇಲೆ ಸ್ನಾನಕ್ಕೆ ಸಂಬಂಧವೇ ಇಲ್ಲದ ಹೊತ್ತಿನಲ್ಲೂ ಫಿಟ್ಸ್ ಬರತೊಡಗುತ್ತದೆ. ಅಂಥವರಿಗೆ ದಿನನಿತ್ಯದ ಮಾತ್ರೆ ಬೇಕೇ ಬೇಕು. ಇಲಿಗಳ ಮೇಲೆ ನಿಮ್ಹಾನ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ ಪದೇ ಪದೇ ಬಿಸಿನೀರು ಹಾಕಿದಷ್ಟೂ ಫಿಟ್ಸ್ ಬೇಗ ಬರುತ್ತಿತ್ತು, ಜೋರಾಗಿಯೂ ಬರುತ್ತಿತ್ತು. ಮನುಷ್ಯರಲ್ಲೂ ಹಾಗೇ ಎಂದು ನಾನು ಹೇಳಲಾರೆ, ಆದರೆ 'ಸ್ನಾನದಲ್ಲಿ ತಾನೇ, ಬಂದು ಹೋಗುತ್ತದೆ' ಎಂದು ವರ್ಷಗಟ್ಟಲೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಮಗ ಪಾಠದ ನಡುವೆ ಶೂನ್ಯದೃಷ್ಟಿ ಇಟ್ಟು ಕೂತಿರುತ್ತಾನೆಯೇ ಎಂದು ಮೇಷ್ಟ್ರನ್ನು ಕೇಳಿ. ಬೆಳಿಗ್ಗೆ ಎದ್ದಾಗ ನಾಲಗೆ ಕಚ್ಚಿಕೊಂಡಿದ್ದಾನೆಯೇ, ಹಾಸಿಗೆ ಒದ್ದೆಯಾಗಿದೆಯೇ ಗಮನಿಸಿ. ಇವು ಒಂದೂ ಇಲ್ಲವೆಂದರೆ ಮೊದಲಿಗೇ ದಿನನಿತ್ಯದ ಮಾತ್ರೆಯ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಈಗಾಗಲೇ ಶುರುಮಾಡಿದ್ದರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಒಂದರ ಮೇಲೊಂದು ಫಿಟ್ಸ್ ಬರುವ ಅಪಾಯವಿದೆ.

ಬಚ್ಚಲಲ್ಲೇ ಬಂದುಬಿಟ್ಟರೆ ಏನು ಮಾಡಬೇಕು? ನೀರು ಹುಯ್ಯುವುದನ್ನು ನಿಲ್ಲಿಸಿ. ಎಚ್ಚರವಾಗಲಿ ಎಂದು ಮತ್ತೊಂದು ಚೊಂಬು ಹುಯ್ಯುವವರೇ ಹೆಚ್ಚು, ಅದಕ್ಕೇ ಮೊದಲು ಹೇಳಿದೆ. ಹಂಡೆ, ಒಲೆಯಿಂದ ದೂರ ಎಳೆದು ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಬಟ್ಟೆ ಮಡಿಸಿಡಿ. ಕೈಗೆ ಕಬ್ಬಿಣ, ಬೀಗದ ಕೈ, ಮೂಗಿಗೆ ಈರುಳ್ಳಿ, ಚಪ್ಪಲಿ, ಬಾಯಿಗೆ ಚಮಚ ಯಾವುದೂ ಬೇಡ. ಫಿಟ್ಸ್ ತಾನಾಗಿ ನಿಲ್ಲುವ ಹೊತ್ತಿಗೆ ಯಾರೋ ಕಬ್ಬಿಣ ಹಿಡಿಸಿರುತ್ತಾರೆ, ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಮ್ಮೆ ಬಂದರೆ 108ಕ್ಕೆ ಕರೆ ಮಾಡಿ. ಸುಟ್ಟಿದ್ದರೆ ಆ ಜಾಗಕ್ಕೆ ತಣ್ಣೀರು ಬಿಡುತ್ತಿರಿ, ಟೂತ್‌ಪೇಸ್ಟು ಇಂಕು ಹಚ್ಚಬೇಡಿ.

ಮಗಳ ವಿಷಯ. ಅಪ್ಪನಿಗೂ ಅಣ್ಣನಿಗೂ ಇದ್ದ ಮಾತ್ರಕ್ಕೆ ಅವಳಿಗೆ ಬಂದೇ ಬರುತ್ತದೆ ಎಂದಲ್ಲ. ಬೇರೆ ಮನೆಯ ಮಕ್ಕಳಿಗಿಂತ ಸಾಧ್ಯತೆ ಸ್ವಲ್ಪ ಹೆಚ್ಚು, ಅಷ್ಟೆ. ಒಟ್ಟಾರೆ ಈ ಕಾಯಿಲೆ ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಅವಳಿಗೆ ಪರೀಕ್ಷೆ ಬೇಡ, ಮಾತ್ರೆ ಬೇಡ, ಸ್ಕ್ಯಾನ್ ಬೇಡ. ಈಗಿನಿಂದಲೇ ಮನೆಮಂದಿಯೆಲ್ಲ ಉಗುರುಬೆಚ್ಚಗಿನ ನೀರಿನಲ್ಲಿ ಮಿಂದರೆ ಆಯಿತು. ಮುಂದೆ ಮದುವೆಯ ಮಾತು ಬಂದಾಗ ಯಾರಾದರೂ ಕಾನೂನು ಎತ್ತಿದರೆ ನೆನಪಿರಲಿ: ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಮಾವನವರು ಮುಚ್ಚಿಟ್ಟಂತೆ ನೀವು ಮುಚ್ಚಿಡುವುದು ಬೇಡ. ಗಂಡಿನ ಕಡೆಯಾಗಲಿ ಹೆಣ್ಣಿನ ಕಡೆಯಾಗಲಿ, ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿಬಿಡಬೇಕು.

ತಾಯತ ಇದ್ದರೆ ಇರಲಿ, ಅದನ್ನು ಕಿತ್ತುಹಾಕಿ ಅತ್ತೆಯವರೊಂದಿಗೆ ಜಗಳವಾಡಿ ಎಂದು ನಾನು ಹೇಳುವುದಿಲ್ಲ. ಆದರೆ ಗಾಳಿ ಬಿಡಿಸುವ ಹೆಸರಿನಲ್ಲಿ ಹೊಗೆ ಹಾಕುವುದು, ಹೊಡೆಯುವುದು, ಉಪವಾಸ ಕೆಡಹುವುದು ಶುರುವಾದರೆ ನೀವು ಅಡ್ಡ ನಿಲ್ಲಲೇಬೇಕು.

ಇನ್ನು ನಾಲೆ. ತಣ್ಣೀರಿನಲ್ಲಿ ಮುಳುಗಿದರೆ ಈ ಫಿಟ್ಸ್ ಬರುವುದಿಲ್ಲ, ಆ ಮಟ್ಟಿಗೆ ಹೆದರಿಕೆಯಿಲ್ಲ. ಆದರೆ ನೀರಿಲ್ಲದೆಯೂ ಬರುತ್ತದೆಯೇ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ತಜ್ಞರು ನೋಡಿ, ಸಾಕಷ್ಟು ಕಾಲ ಫಿಟ್ಸ್ ಇಲ್ಲದೆ ಕಳೆದು, ಅವರು ಆಗಲಿ ಎನ್ನುವವರೆಗೆ ನಾಲೆ, ಕೆರೆ, ಬಾವಿ ಯಾವುದಕ್ಕೂ ಇಳಿಯುವುದು ಬೇಡ. ಆಮೇಲೂ ಈಜು ಬಲ್ಲ ದೊಡ್ಡವರು ಜೊತೆಗಿದ್ದರೆ ಮಾತ್ರ. ನೀವು ಕೇಳದಿದ್ದರೂ ಇನ್ನೆರಡು ಹೇಳುತ್ತೇನೆ. ಸುಗ್ಗಿಯಲ್ಲಿ ಆಲೆಮನೆಗೆ ಹೋದರೆ ಕಬ್ಬು ಅರೆಯುವ ಗಾಣದ ಬಳಿಗೂ ಕುದಿಯುವ ಕೊಪ್ಪರಿಗೆಯ ಬಳಿಗೂ ಅವನನ್ನು ಬಿಡಬೇಡಿ. ಬೈಕು ಕಲಿಯುವ ವಯಸ್ಸು ಬಂದಾಗ ಚಾಲನಾ ಪರವಾನಗಿಯ ಅರ್ಜಿಯಲ್ಲಿ ಮೂರ್ಛೆ ರೋಗ ಇದೆಯೇ ಎಂಬ ಪ್ರಶ್ನೆ ಇರುತ್ತದೆ. ಅದಕ್ಕೆ ಸುಳ್ಳು ಬರೆಸಬೇಡಿ, ಆ ಹೊತ್ತಿಗೆ ಅವನ ಸ್ಥಿತಿ ಏನೆಂದು ನೋಡುತ್ತಿರುವ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ತಜ್ಞರನ್ನು ಕಾಣಲು ಮಂಡ್ಯದ ಅಥವಾ ಮೈಸೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿಂದ ಶುರುಮಾಡಿ, ಅಗತ್ಯ ಬಿದ್ದರೆ ಅವರೇ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಹೋಗುವಾಗ ಹಳೆಯ ಚೀಟಿಗಳು, ಇ.ಇ.ಜಿ. ವರದಿ, ಫಿಟ್ಸ್ ಬಂದ ದಿನಗಳನ್ನು ಗುರುತು ಹಾಕಿದ ಕ್ಯಾಲೆಂಡರ್ ತೆಗೆದುಕೊಂಡು ಹೋಗಿ, ಯಜಮಾನರನ್ನೂ ಕರೆದೊಯ್ಯಿರಿ. ಅವರಿಗೆ ಎಷ್ಟನೇ ವಯಸ್ಸಿನಲ್ಲಿ ಶುರುವಾಗಿ ಯಾವಾಗ ನಿಂತಿತು ಎಂಬುದನ್ನು ವೈದ್ಯರು ಕೇಳಿಯೇ ಕೇಳುತ್ತಾರೆ.